ನಲವತ್ತು ಮುಚ್ಚಳ

"ಲೇ, ಅಳೋದಾದ್ರೆ ಗೇಟಿನಾಚೆ ಹೋಗಿ ಅಳು! ಕರಗಿರೋ ಕಬ್ಬಿಣ ನಿನ್ನ ಕಣ್ಣೀರಿಗೆ ಕಾಯ್ಕೊಂಡು ಕೂತಿರಲ್ಲ!"

ಫೌಂಡ್ರಿ ತುಂಬಿದ್ದ ಸುಟ್ಟ ವಾಸನೆಗೆ ಯಜಮಾನ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ ಕೂಗಿದ. ಅಕ್ಕ ಅಳುತ್ತಿರಲಿಲ್ಲ. ಅಚ್ಚಿನ ಮರಳು ಬಡಿದು ಕಪ್ಪಾದ ಕೈಗಳನ್ನು ಇಳಿಬಿಟ್ಟು ಕುಲುಮೆಯನ್ನೇ ನೋಡುತ್ತಿದ್ದಳು. ಎರಡು ಗಂಟೆ ಹಿಂದೆ ಅವಳ ತಮ್ಮ ಅಟ್ಟಣಿಗೆ ಮೇಲಿಂದ ಗುಜರಿ ಸುರಿಯುವಾಗ ಕಾಲು ಜಾರಿ ಅದರೊಳಕ್ಕೆ ಬಿದ್ದಿದ್ದ. ಕೂಗಲಿಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ. ಅಟ್ಟಣಿಗೆಗೆ ಕಂಬಿ ಹಾಕಿಸಿ ಅಂತ ಅವನು ಮೂರು ಸಲ ಕೇಳಿದ್ದ. "ನಿಮ್ಮಪ್ಪನ ಮನೆ ಮಹಡಿನಾ ಇದು, ಕಂಬಿಗೆ ಒರಗಿ ಗಾಳಿ ತಗೊಳ್ಳೋಕೆ?" ಅಂದಿದ್ದ ಯಜಮಾನ.

"ನನ್ ತಮ್ಮನ್ನ ಕೊಡಿ ಸಾಮಿ. ಮಣ್ಣು ಮಾಡ್ಬೇಕು."

"ಎಲ್ಲಿದ್ದಾನೆ ನಿನ್ ತಮ್ಮ? ಇಂಜಿನಿಯರೇ, ಹೇಳ್ರೀ ಇವಳಿಗೆ."

ಇಂಜಿನಿಯರ್ ತನ್ನ ಬೂಟಿನ ತುದಿಗೆ ಪಾಠ ಮಾಡಿದ. "ಒಂದೂವರೆ ಸಾವಿರ ಡಿಗ್ರಿಯಮ್ಮ. ಅಷ್ಟು ಕಾವಿಗೆ ಮೂಳೆನೂ ಉಳಿಯಲ್ಲ. ಸೈನ್ಸು."

"ಹಂಗಾದ್ರೆ ಆ ಕಬ್ಬಿಣಾನೇ ಕೊಡಿ. ಅದನ್ನೇ ಹೂಳ್ತೀವಿ."

ಯಜಮಾನ ನಕ್ಕ. "ಮೂರು ಟನ್ನು ಕಣೇ! ನಿಮ್ಮ ವಂಶಾನೇ ತಕ್ಕಡಿಗೆ ಹಾಕಿದ್ರೂ ಅಷ್ಟು ತೂಗಲ್ಲ. ಲೋ ಬೋಳ, ಕಬ್ಬಿಣದ ಮೇಲೆ ತೇಲೋ ಕಿಟ್ಟ ಬಾಚಿ ಹಳೇ ಪೇಂಟ್ ಡಬ್ಬಿಗೆ ಹಾಕ್ಕೊಡೋ ಇವಳಿಗೆ. ಇದ್ರೆ ಅದರಲ್ಲೇ ಇರ್ತಾನೆ. ಆಮೇಲೆ ಅಚ್ಚಿಗೆ ಹುಯ್ಯಿ."

ಬೋಳ ಕುಲುಮೆ ಕಾಯುವವನು, ತಮ್ಮನ ಜೊತೆ ಒಂದೇ ಬುತ್ತಿ ಉಂಡವನು. ಡಬ್ಬಿ ತಂದು ಅಕ್ಕನ ಕಾಲ ಬಳಿ ಇಟ್ಟ. ಕಿಟ್ಟ ಬಾಚುವ ಸಲಾಕೆಯನ್ನು ಮಾತ್ರ ಮುಟ್ಟಲಿಲ್ಲ.

ಅಚ್ಚುಗಳು ಸಾಲಾಗಿ ಬಾಯಿ ತೆರೆದು ಕಾದಿದ್ದವು. ನಲವತ್ತು ಚರಂಡಿ ಮುಚ್ಚಳ. ಬೆಳಿಗ್ಗೆಯಿಂದ ಅಷ್ಟನ್ನೂ ಬಡಿದು ಕೂರಿಸಿದ್ದವಳು ಅಕ್ಕನೇ. ನಾಳೆ ತಮ್ಮನ ಮೇಲೆ ಊರವರೆಲ್ಲ ಉಗಿದುಕೊಂಡು ನಡೆಯುತ್ತಾರೆ. ಕೆಳಗೆ ಅವರದೇ ಹೇಲು ಹರಿಯುತ್ತದೆ.

ಅವಳು ಮೊದಲನೆಯ ಅಚ್ಚನ್ನು ಒದ್ದಳು. ಮರಳು ಕುಸಿಯಿತು. ಎರಡನೆಯದು. ಮೂರನೆಯದು. ಮರಳಿನ ಕೆಲಸದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸಾಲಿನ ಆ ತುದಿಯಿಂದ ಅಚ್ಚು ತುಳಿಯುತ್ತ ಬಂದರು.

"ಹಿಡ್ಕೊಳ್ರೋ ಆ ಹಾದರಗಿತ್ತೀನ! ಬೋಳ, ಬೇರೆ ಅಚ್ಚು ಆಗೋವರೆಗೂ ಕಾವು ಇಳಿಯೋಕೆ ಬಿಡ್ಬೇಡ!"

ಬೋಳ ಕರೆಂಟಿನ ಹಿಡಿ ಕೆಳಗೆಳೆದ. ದಿನವಿಡೀ ಗುಂಯ್ ಅನ್ನುತ್ತಿದ್ದ ಕುಲುಮೆ ಗಪ್ಪಾಯಿತು.

"ಲೋ ಸೂಳೆಮಗನೇ! ಒಳಗೇ ಗಟ್ಟಿಯಾದ್ರೆ ಫರ್ನೆಸ್ಸೇ ಹೋಯ್ತಲ್ಲೋ! ಒಡೆದೇ ತೆಗೀಬೇಕಾಗುತ್ತೆ!"

"ಸೈನ್ಸು ಸಾಮಿ," ಅಂದ ಬೋಳ, ಹಿಡಿಗೆ ಬೆನ್ನು ಕೊಟ್ಟು ಕೂತು.

"ಒಡಿಸಿ," ಅಂದಳು ಅಕ್ಕ. "ಒಂದೊಂದೇ ಇಟ್ಟಿಗೆ ಬಿಡಿಸಿ, ಅವನನ್ನ ಇಡಿಯಾಗಿ ತೆಗೀರಿ. ಅಲ್ಲೀವರೆಗೂ ನಾನು ಏಳಲ್ಲ."

ಪೇಂಟ್ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಕುಲುಮೆಯ ಬಾಯಲ್ಲಿ ಬಿಳುಪು ಹಳದಿಯಾಯಿತು, ಹಳದಿ ಕೆಂಪಾಯಿತು, ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಪೊರೆ ಕಟ್ಟತೊಡಗಿತು. ಯಜಮಾನನ ಕರವಸ್ತ್ರ ಯಾವಾಗಲೋ ಕೈಜಾರಿ ಮರಳಿಗೆ ಬಿದ್ದಿತ್ತು. ಆ ವಾಸನೆ ಈಗ ಅವನ ಮೂಗಿಗೂ ಹತ್ತಿತು.