ಹಿತ್ತಲ ಮಾವಿಗೆ ಜಿಗಿಹುಳ

ಹೆಬಳೆಯ ಗಣಪಿಯ ಹಿತ್ತಲ ಮಾವು ಒಂಬತ್ತು ವರ್ಷಕ್ಕೆ ಮೊದಲ ಸಲ ಹೂ ಬಿಟ್ಟಿತ್ತು. ಆಗಲೇ ಹೂವಿನ ರಸ ಹೀರುವ ಜಿಗಿಹುಳ ಮುತ್ತಿತು. ಅದು ಸುರಿಸುವ ಅಂಟಿಗೆ ಮರದಡಿ ನಿಂತವರ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮನೆಗೆ ಬರುತ್ತಿತ್ತು. ಹೂವೆಲ್ಲ ಉದುರೀತೆಂಬ ಹೆದರಿಕೆಯಲ್ಲಿ ಗಣಪಿ ಹಸಿಸೊಪ್ಪು ಸುಟ್ಟು ಹೊಗೆ ಹಾಕಿದಳು; ಹುಳ ಹಾರಿಹೋಯಿತು.

ಬೆಳಿಗ್ಗೆ ಬೇಲಿಯಾಚೆಯ ಮಾದೇವಿ ಕೂಗಿದಳು: “ಎಂತದೇ, ನಿನ್ನ ಹುಳ ಪೂರಾ ನಮ್ಮ ಮಾವಿಗೆ ಬಂದದೆ. ನಾನೂ ಈಗ್ಲೇ ಹೊಗೆ ಹಾಕ್ತೆ.”

ಗಣಪಿ ಬೇಲಿಗೆ ಓಡಿದಳು. “ಹಾಕ್ಬೇಡ್ವೇ, ತಿರುಗಿ ಇಲ್ಲಿಗೇ ಬತ್ತದೆ. ಸಂಜಿಗೆ ಇಡೀ ಕೇರಿ ಒಟ್ಟಿಗೇ ಹಾಕುವ.”

ಸಂಜೆ ಹದಿನಾಲ್ಕು ಹಿತ್ತಲಿಂದ ಹೊಗೆ ಎದ್ದು, ಕಡಲಿನ ದೋಣಿಗಳು ಮಂಜೆಂದು ದೀಪ ಹಚ್ಚಿಕೊಂಡವು. ಮರುದಿನ ಗಣಪಿ ಹೂಗೊಂಚಲು ಅಲುಗಿಸಿದಳು. ಹಾರಿದ್ದು ಎರಡೇ ಹುಳ.

“ಅವು ಗಂಡ-ಹೆಂಡ್ತಿ ಆದ್ರೆ ಕಷ್ಟ ಮಾದೇವಿ. ಇವತ್ತೂ ಹಾಕುವ.”