ಕೊಬ್ಬಿನ ಮೇಷ್ಟ್ರ ಗುಲಾಬಿ ಬಣ್ಣ

ಮತ್ತೆ ಒಡೆದಿದೆ — ಮೇಲೆ ಕೊಬ್ಬು, ಕೆಳಗೆ ನೀರು, ಮುನಿಸಿಕೊಂಡ ಗಂಡ ಹೆಂಡಿರ ಹಾಗೆ ಒಂದೇ ಗಾಜಿನ ನಳಿಗೆಯಲ್ಲಿ ಬೇರೆ ಸಂಸಾರ, ನಡುವೆ ನನ್ನ ಕಿಣ್ವ, ಪಾಪ, ಯಾರ ಪರ ಮಾತಾಡಬೇಕೋ ತಿಳಿಯದೆ ಸುಮ್ಮನಿದೆ, ಅದು ಕೊಬ್ಬಿನ ಕೊಲೆಸ್ಟ್ರಾಲಿಗೆ ಬಾಯಿ ಹಾಕಿದರೆ ಗುಲಾಬಿ ಬಣ್ಣ ಬರಬೇಕು, ಬಂದಿಲ್ಲ, ಮೂರನೇ ಸಲ, ಮೇಷ್ಟ್ರು ಮೂವತ್ತು ವರ್ಷದ ಹಿಂದೆ ಪ್ರಬಂಧದಲ್ಲಿ ಬರೆದ ಅದೇ ಕೊಬ್ಬು, ಅದೇ ಅಳತೆ, ಅದೇ ಬಿಸಿ — ನಾಲ್ಕಕ್ಕೆ ಸಭೆ, ನಿರ್ದೇಶಕಿ ಬೆಳಿಗ್ಗೆಯೇ ಹೇಳಿದ್ದಾರೆ, ಇವತ್ತೂ ಬಣ್ಣ ಬರ್ಲಿಲ್ಲ ಅಂದ್ರೆ ಆ ಪ್ರಬಂಧ ಸುಳ್ಳು ಅಂತ ಬರ್ದು ವಾಪಸ್ ತಗೋತೀವಿ, ನಿಮ್ಮ ಮೇಷ್ಟ್ರು ಅಂತ ಕನಿಕರ ಬೇಡಮ್ಮ — ಕೊಬ್ಬಿನ ಮೇಷ್ಟ್ರು, ಕಡ್ಡಿಯಂಥ ಮನುಷ್ಯನಿಗೆ ಆ ಹೆಸರಿಟ್ಟವರು ಯಾರೋ, ಮೈಯಲ್ಲೂ ಕೊಬ್ಬಿಲ್ಲ, ಮಾತಲ್ಲೂ ಇಲ್ಲ, ಕಿಣ್ವ ಒಳಗೆ ನುಗ್ಗಲ್ಲ ಕಣಮ್ಮ, ಕೊಬ್ಬಿನ ಹೊರಮೈ ಮೇಲೇ ಕೂರುತ್ತೆ, ಅಲ್ಲಿ ಏನಿದೆ ಅನ್ನೋದೇ ಅದರ ಹಣೆಬರಹ, ಎನ್ನುತ್ತಿದ್ದರು ಪಾಠದಲ್ಲಿ — ಆ ಪ್ರಬಂಧದ ಕಾಲಕ್ಕೆ ನಾನು ಇದೇ ಕಲ್ಲುಮೇಜಿನ ಕೆಳಗೆ ಕೂತು ಮಗ್ಗಿ ಬರೆಯುತ್ತಿದ್ದೆ, ಮೇಲೆ ಅಪ್ಪ, ಮೇಷ್ಟ್ರ ಲ್ಯಾಬಿನ ಅಟೆಂಡರ್, ಕೊಬ್ಬು ಕಲಕುವ ಸದ್ದು, ಟಕಟಕಟಕ, ಸ್ಪಿರಿಟ್ಟಿನ ವಾಸನೆ, ಅಪ್ಪನ ಕೈಯಲ್ಲಿ ಒಂದು ದಿನವೂ ಒಡೆಯುತ್ತಿರಲಿಲ್ಲ, ಏನ್ ಕೈಯಯ್ಯಾ ನಿಂದು, ಎಂದರೆ ಮೇಷ್ಟ್ರು, ಅಪ್ಪ ನಾಚಿಕೊಂಡು, ಎಲ್ಲಾ ನಿಮ್ಮ ಫಾರ್ಮುಲಾ ಸಾರ್ — ಮನೆಯಲ್ಲಿ ಮಾತ್ರ ಅಮ್ಮ ಬೆಳಿಗ್ಗೆ ಬೆಳಿಗ್ಗೆ ಶುರು, ರೀ, ಬುಟ್ಟೀಲಿ ಮತ್ತೆ ಒಂದು ಮೊಟ್ಟೆ ಕಮ್ಮಿ, ನಿಮ್ಮ ಮೇಷ್ಟ್ರೇನು ಕಾವಿಗೆ ಕೂತಿದಾರಾ, ಅಪ್ಪ ಜೇಬು ಮುಚ್ಚಿಕೊಂಡು, ಲೇ, ಸುಮ್ನಿರೇ — ತಡಿ. ಮೊಟ್ಟೆ. ಜೇಬಿನಲ್ಲಿ ಮೊಟ್ಟೆ.

ಕ್ಯಾಂಟೀನಿಗೆ ಓಡಿದೆ, ಹಸೀದೊಂದು ಕೊಡಿ ಎಂದೆ, ಅಡುಗೆಯವನು, ಹಸಿದಿದ್ರೆ ಬೇಯ್ಸಿದ್ದೇ ತಗೊಳ್ಳಿ ಡಾಕ್ಟ್ರೇ, ಅವನಿಗೆ ನಗು, ನನಗೆ ಉಸಿರಿಲ್ಲ — ಒಂದು ಹನಿ ಹಳದಿ, ಕಲಕಿದೆ, ಕೊಬ್ಬೂ ನೀರೂ ರಾಜಿ, ಕಿಣ್ವ ಹಾಕಿದೆ, ಕಾದೆ, ಗುಲಾಬಿ, ಗುಲಾಬಿ, ಕೊಬ್ಬಿಲ್ಲದೆ ಹಳದಿ, ಕಿಣ್ವ ಎರಡನ್ನಷ್ಟೇ ಹಾಕಿಟ್ಟ ಜೊತೆ ನಳಿಗೆಯಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು, ಅಂದರೆ ಮೇಷ್ಟ್ರು ಸುಳ್ಳು ಬರೆದಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ, ಕೊಬ್ಬು ಒಡೆದರೆ ಬೈಗುಳ ತನಗೆ ಎಂದು ಹೆದರಿ ಅಪ್ಪ ಗುಟ್ಟಾಗಿ ಬೆರೆಸುತ್ತಿದ್ದ, ವರ್ಷಗಟ್ಟಲೆ — ಅಪ್ಪ ಹೋಗಿ ಎಂಟು ವರ್ಷ, ಅವನ ನಿವೃತ್ತಿಯ ದಿನ ಮೇಷ್ಟ್ರು ಕೊಟ್ಟ ಪ್ರಶಸ್ತಿಪತ್ರ ಅಮ್ಮನ ಮಂಚದ ಎದುರಿನ ಗೋಡೆಯಲ್ಲಿ, ಹೇಳಿದ್ದನ್ನು ಹೇಳಿದಂತೆಯೇ ಮಾಡಿದ ನೌಕರ ಎಂದು ಅದರಲ್ಲಿ, ಅಮ್ಮ ಅದನ್ನು ಸೆರಗಿನಲ್ಲಿ ಒರೆಸುತ್ತಾಳೆ, ನಿಮ್ಮಪ್ಪ ಒಂದು ಚಿಟಿಕೆ ಆಚೀಚೆ ಮಾಡಿದೋರಲ್ಲ ಕಣೇ — ಒಬ್ಬರನ್ನು ಉಳಿಸಬೇಕು, ಇನ್ನೊಬ್ಬರನ್ನು ಒಡೆಯಬೇಕು, ಮೂರೂ ಐವತ್ತು, ಫೋನು, ಏನಮ್ಮಾ, ಬಣ್ಣ ಬಂತಾ, ಬಂತು ಮೇಡಂ, ಹಾಗಾದ್ರೆ ಇಷ್ಟು ದಿನ ತಪ್ಪು ಯಾರದ್ದು, ನಮ್ಮಪ್ಪಂದು ಎಂದೆ, ಎಂದೇಬಿಟ್ಟೆ, ಅವರು ಇನ್ನೂ ಏನೋ ಕೇಳುತ್ತಿದ್ದಾರೆ, ನನಗೆ ಕೇಳುತ್ತಿಲ್ಲ, ಮೇಜಿನ ಕೆಳಗಿನಿಂದ ಕತ್ತೆತ್ತಿದ್ದೇನೆ, ಅಪ್ಪನ ಎರಡು ಕೈ, ಕೈಗೊಂದು ಅರ್ಧ ಚಿಪ್ಪು, ಹಳದಿ ಈ ಚಿಪ್ಪಿನಿಂದ ಆ ಚಿಪ್ಪಿಗೆ, ಲೋಳೆ ಜಾರಿ, ಆ ಚಿಪ್ಪಿನಿಂದ ಈ ಚಿಪ್ಪಿಗೆ, ಒಡೆಯದೆ, ಮತ್ತೆ ಈ ಚಿಪ್ಪಿನಿಂದ —