ಗೂಳಿಗೊಂದು ಪರೀಕ್ಷೆ, ಗಂಡನಿಗೊಂದು ಸೂಜಿ

ನಮ್ಮ ಕಡೆ ಚಳಿ ಕಳೆಯಿತೆಂದರೆ ಮೊದಲ ಕೆಲಸ ಗೂಳಿಗಳ ಪರೀಕ್ಷೆ. ದನದ ಡಾಕ್ಟರ್ ಬಂದು ಒಂದೊಂದರ ವೀರ್ಯ ತೆಗೆದು ನೋಡಿ, ಸರಿಯಿದೆ ಎಂದ ಮೇಲೇ ಅದನ್ನು ಹಸುಗಳ ಮಂದೆಗೆ ಬಿಡುವುದು. ಪಾಸಾಗದ ಗೂಳಿ, ಕತ್ತು ಎಷ್ಟೇ ದಪ್ಪವಿರಲಿ, ಕಸಾಯಿಖಾನೆಯ ಲಾರಿ ಹತ್ತುತ್ತದೆ. ಟೆಕ್ಸಾಸಿನ ಈ ಮೂಲೆಯಲ್ಲಿ ದನ ಸಾಕುವವರು ಯಾರೂ ಇದನ್ನು ತಪ್ಪಿಸುವುದಿಲ್ಲ. ನನ್ನ ಗಂಡ ಡಾಯ್ಲ್ ಅಂತೂ ಸತ್ತರೂ ತಪ್ಪಿಸುವವನಲ್ಲ. ಆದರೆ ಅವನನ್ನೇ ಒಂದು ಪರೀಕ್ಷೆಗೆ ಕರೆದೊಯ್ಯಲು ನನಗೆ ಮೂರು ವರ್ಷ ಹಿಡಿಯಿತು.

ಆ ಮೂರು ವರ್ಷವೂ ಪರೀಕ್ಷೆ ನಡೆದದ್ದು ನನ್ನ ಮೇಲೆ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಗರ್ಭಕೋಶಕ್ಕೆ ಬಣ್ಣ ಬಿಟ್ಟು ಎಕ್ಸ್-ರೇ ಹಿಡಿದರು. ಎಲ್ಲ ಸರಿಯಿತ್ತು. ಆದರೂ ಭಾನುವಾರ ಚರ್ಚ್ ಮುಗಿಸಿ ಊಟಕ್ಕೆ ಬರುವ ನನ್ನ ಅತ್ತೆ ವರ್ನಾ, ಆಲೂಗಡ್ಡೆ ಬಡಿಸಿಕೊಳ್ಳುತ್ತಲೇ ಶುರು ಮಾಡುತ್ತಿದ್ದರು.

“ಮಾರ್ಲಾ, ನಿನಗೂ ಮೂವತ್ತೊಂಬತ್ತಾಯ್ತು. ನಮ್ಮ ಮನೆತನದಲ್ಲಿ ಇಂಥದ್ದು ಯಾವತ್ತೂ ಇರ್ಲಿಲ್ಲಮ್ಮ. ಹಸುವಾಗಿದ್ರೆ ಇಷ್ಟೊತ್ತಿಗೆ ಮಾರಿಬಿಡ್ತಿದ್ವಿ.”

ಡಾಯ್ಲ್ ತಲೆ ಎತ್ತದೆ ಮಾಂಸ ಕತ್ತರಿಸುತ್ತಿದ್ದ. ಅವನಿಗೆ ತನ್ನ ಮೇಲೆ ಸಂಶಯವೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ, ಹಸುಗಳು ಈಯುವ ಕಾಲದಲ್ಲಿ ನಿದ್ದೆಗೆಟ್ಟು ಸುಸ್ತಾಗಿದ್ದ. ಹೆದ್ದಾರಿಯ ಟೈರಿನ ಅಂಗಡಿ ಪಕ್ಕ ಗಂಡಸರಿಗೆಂದೇ ತೆರೆದ ಕ್ಲಿನಿಕ್ಕಿಗೆ ಹೋದ. ಒಂದೇ ಸಲ ರಕ್ತ ತೆಗೆದು, ಗಂಡಸುತನದ ಹಾರ್ಮೋನು ಕಮ್ಮಿಯಾಗಿದೆ, ವಾರಕ್ಕೊಂದು ಟೆಸ್ಟೋಸ್ಟೆರಾನ್ ಸೂಜಿ ಎಂದರು. ನಿದ್ದೆ ಮಾಡ್ತೀಯೇನಪ್ಪ ಎಂದು ಯಾರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನ ಗಂಡ. ತೋಳು ದಪ್ಪವಾಯಿತು, ನಡಿಗೆಗೆ ಠೀವಿ ಬಂತು. ಮಗು ಆಗದಿದ್ದಾಗ ತಾನೇ ಔಷಧಿ ಜಾಸ್ತಿ ಮಾಡಿಕೊಂಡ. ಇಷ್ಟು ದೊಡ್ಡ ಆಳಿಗೆ ಸೂಜಿ ಕಂಡರೆ ಭಯ. ಅದಕ್ಕೇ ಭಾನುವಾರ ಊಟವಾದ ಮೇಲೆ ಅವನು ಗೋಡೆ ನೋಡಿಕೊಂಡು ನಿಲ್ಲುತ್ತಿದ್ದ, ನಾನು ಚುಚ್ಚುತ್ತಿದ್ದೆ.

ಕೊನೆಗೂ ಅವನನ್ನು ಅಮರಿಲೊ ಪಟ್ಟಣದ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದೆ. ಅವರು ವೀರ್ಯ ಪರೀಕ್ಷೆ ಮಾಡಿಸಿ ರಿಪೋರ್ಟ್ ನೋಡಿ, “ವೀರ್ಯಾಣು ಒಂದೂ ಇಲ್ಲ. ಏನಾದ್ರೂ ಔಷಧಿ ತಗೊಳ್ತಿದೀರಾ?” ಎಂದರು.

ಡಾಯ್ಲ್ ಎದೆಯುಬ್ಬಿಸಿ ವಾರದ ಸೂಜಿಯ ವಿಷಯ ಹೇಳಿದ.

“ಅದೇ ಆಗಿರೋದು,” ಎಂದರು ಡಾಕ್ಟರ್. “ಹೊರಗಿಂದ ಅಷ್ಟು ಹಾಕಿದ್ರೆ, ಇನ್ನು ಸಾಕು ಅಂತ ಮೆದುಳು ಒಳಗಿನ ಕೆಲಸ ನಿಲ್ಲಿಸಿಬಿಡುತ್ತೆ. ವೀರ್ಯಾಣು ಹುಟ್ಟೋದೇ ನಿಲ್ಲುತ್ತೆ. ಮಗು ಬೇಕು ಅನ್ನೋರಿಗೆ ಇದನ್ನ ಕೊಡಲೇಬಾರದಿತ್ತು.” ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು: “ನಿಲ್ಲಿಸಿದ್ರೆ ಸಾಮಾನ್ಯವಾಗಿ ಸರಿ ಹೋಗುತ್ತೆ. ಆದ್ರೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷದ ಮೇಲೂ ಆಗುತ್ತೆ. ನಿಮ್ಮ ವಯಸ್ಸಿಗೆ ಕಾಯೋಕೆ ಟೈಮಿಲ್ಲ. ಇವತ್ತಿಂದಲೇ ನಿಲ್ಲಿಸ್ಲಿ, ಬೇರೆ ಔಷಧಿ ಬರ್ಕೊಡ್ತೀನಿ.”

ಗಾಡಿಯಲ್ಲಿ ಡಾಯ್ಲ್ ಗೊಣಗಿದ. “ಆ ಡಾಕ್ಟರ್ ಒಂದು ಗೂಳಿ ಸಾಕಿದಾನಾ? ಬೀಜ ಒಡೆದ ಹೋರಿಲಿ ಇಲ್ಲದ್ದು ಈ ಹಾರ್ಮೋನೇ ತಾನೆ? ಇದಿದ್ರೆ ಕರು, ಇಲ್ದಿದ್ರೆ ಇಲ್ಲ.”

“ಗೂಳಿಗೆ ಯಾರೂ ಸೂಜಿ ಚುಚ್ಚಲ್ಲ ಡಾಯ್ಲ್. ಅದು ತಾನೇ ಮಾಡ್ಕೊಳ್ಳುತ್ತೆ.”

“ನಿಲ್ಲಿಸಿದ್ರೆ ಮತ್ತೆ ಆ ಸುಸ್ತು ಮೋರೆ ಹೊತ್ಕೊಂಡು ತಿರುಗ್ಲಾ? ಜನ ಏನಂತಾರೆ?”

ನನ್ನನ್ನು ಜನ ಏನೆನ್ನುತ್ತಿದ್ದಾರೆ ಎಂದು ಅವನು ಕೇಳಲಿಲ್ಲ.

ಆ ಭಾನುವಾರ ಅವನು ಸೂಜಿಯ ಔಷಧಿ ಬಾಟಲಿ ತಂದಿಟ್ಟಾಗ, ನಾನು ಚುಚ್ಚುವುದಿಲ್ಲ ಎಂದೆ. ತಾನೇ ಸಿರಿಂಜ್ ಹಿಡಿದು ತೊಡೆಯ ಹತ್ತಿರ ತಂದ. ಸೂಜಿಯ ಮೊನೆ ನೋಡಿ ಹಾಗೇ ಕೆಳಗಿಟ್ಟ. ದೇವರೇ, ನನ್ನ ಮಾತಿನಿಂದ ಆಗದ್ದು ಇವನ ಪುಕ್ಕಲುತನದಿಂದಲಾದರೂ ಆಗಲಿ ಎಂದುಕೊಂಡೆ. ನಿಜವಾಗಿಯೂ ಸಂತೋಷವಾಯಿತು.

ಅತ್ತೆ ಪಾತ್ರೆ ಒರೆಸುತ್ತಿದ್ದರು. ಏನು ವಿಷಯ ಎಂದರು. ಡಾಕ್ಟರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿ ಮೂಗು ಮುರಿದರು.

“ಮಗು ಆಗದ ಹಾಗೆ ತಡೆಯೋದು ಹೆಂಗಸರ ಮಾತ್ರೆ ಕಣೇ. ಇದು ಗಂಡಸಿನ ಔಷಧಿ. ನಿನ್ನ ಕೊರತೇನ ನನ್ನ ಮಗನ ತಲೆಗೆ ಕಟ್ಬೇಡ.”

“ರಿಪೋರ್ಟ್ ಇದೆ ಅತ್ತೆ. ನಿಮಗೆ ಮೊಮ್ಮಗು ಬೇಡ್ವಾ?”

“ಬೇಕು ಅಂತಲೇ ಕಣಮ್ಮ.” ಕೈ ಒರೆಸಿಕೊಂಡು ಸಿರಿಂಜ್ ಎತ್ತಿ ಬೆಳಕಿಗೆ ಹಿಡಿದರು, ಗಾಳಿಗುಳ್ಳೆ ಬಿಟ್ಟರು. “ಜೀವಮಾನವೆಲ್ಲ ಕರುಗಳಿಗೆ ಚುಚ್ಚಿದ ಕೈ ಇದು. ತಿರುಗೋ ಡಾಯ್ಲ್.”

ಅವನು ನನ್ನ ಮುಖ ನೋಡಿದ. ಅಮ್ಮನಿಗೆ ಬೇಡ ಅನ್ನಬಹುದಿತ್ತು, ಒಂದೇ ಮಾತು. ಬೆಲ್ಟ್ ಬಿಚ್ಚಿ ಗೋಡೆಗೆ ತಿರುಗಿದ.

ಅತ್ತೆ ಕರುವಿಗೆ ಬಡಿದಂತೆ ಅವನ ಪಿರ್ರೆಗೆ ಒಂದು ಏಟು ಬಡಿದು ಸೂಜಿ ಇಳಿಸಿದರು. ಹತ್ತಿಯಿಂದ ಮೆಲ್ಲಗೆ ಉಜ್ಜುತ್ತಾ ನನಗೆ ಹೇಳಿದರು:

“ಇನ್ಮೇಲೆ ವಾರ ವಾರ ನಾನೇ ಚುಚ್ತೀನಿ. ಬರೋ ಈಸ್ಟರಿಗೆ ನನ್ನ ಮಡಿಲಲ್ಲಿ ಮೊಮ್ಮಗ ಇಲ್ದಿದ್ರೆ ಆಗ ಕೇಳು.”